ಸಕ್ಕರೆಯ ಒಪ್ಪಿಗೆ

“ಕೊನೇ ಮಾತು ಸಕ್ಕರೆದೇ ಆಗಲಿ,” ಎಂದು ಫಾರ್ಮಸಿಸ್ಟ್ ಹೇಳಿದ್ದೇ ತಡ, ಅವಳ ಅಣ್ಣ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಬಿಟ್ಟ. ಊಟದ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್, ನಡುವೆ ಆರಿಹೋದ ಕಾಫಿ. ಬೆಳಗಿನಿಂದ ಅಣ್ಣ ತಂಗಿ ಇಬ್ಬರೂ ಕೂತು ತಮ್ಮ ಸಾಫ್ಟ್‌ವೇರಿಗೆ ಒಂದು ಕಟ್ಟುಪಾಡು ಬರೆಯುತ್ತಿದ್ದರು: ಕೋಡ್ ಬರೆಯುವವರು ಯಾರು, ಪರಿಶೀಲಿಸುವವರು ಯಾರು, ಜಗಳ ಬಂದಾಗ ತೀರ್ಮಾನ ಯಾರದು.

ಸಾಫ್ಟ್‌ವೇರ್ ಅವಳದೇ ಕೂಸು. ದಿನ ತುಂಬದೆ ಹುಟ್ಟಿದ ಮಕ್ಕಳ ತೂಕ ಕೊಟ್ಟರೆ ಔಷಧ ಎಷ್ಟು ಹನಿ ಎಂದು ಲೆಕ್ಕ ಹಾಕಿಕೊಡುವಂಥದ್ದು. ಯಾರು ಬೇಕಾದರೂ ಬಳಸಲಿ, ಯಾರು ಬೇಕಾದರೂ ತಿದ್ದಲಿ ಎಂದು ಅದನ್ನು ಇಂಟರ್‌ನೆಟ್ಟಿನಲ್ಲಿ ತೆರೆದಿಟ್ಟಿದ್ದಳು. ಒಂದೇ ಷರತ್ತು: ತಿದ್ದಿದವರೇ ಅದನ್ನು ಒಪ್ಪುವ ಹಾಗಿಲ್ಲ, ಇನ್ನೊಬ್ಬರು ನೋಡಿ ಸರಿ ಎನ್ನಬೇಕು. ಆಸ್ಪತ್ರೆಯ ಕೆಲಸ ಕೈತುಂಬ ಇದ್ದುದರಿಂದ ಅವಳು ಕೋಡ್ ಮುಟ್ಟುವುದು ಯಾವಾಗಲೋ ನಿಂತಿತ್ತು. ಬರೆಯುವವನು ಅಣ್ಣ, ಬ್ಯಾಂಕಿನ ಲೆಕ್ಕಗಳಿಗೆ ಕೋಡ್ ಬರೆದು ಪಳಗಿದ ಕೈ. ನೋಡಿ ಒಪ್ಪುವವರು ‘ಸಕ್ಕರೆ’ ಎಂದು ಹೆಸರಿಟ್ಟುಕೊಂಡ ಯಾರೋ ಒಬ್ಬರು. ಗಂಡೋ ಹೆಣ್ಣೋ, ಯಾವ ಮೂಲೆಯವರೋ ಗೊತ್ತಿರಲಿಲ್ಲ. ಬರವಣಿಗೆ ಮಾತ್ರ ಹೆಸರಿಗೆ ತಕ್ಕ ಹಾಗಿತ್ತು. ಅಣ್ಣ ಕಡ್ಡಿ ತುಂಡು ಮಾಡಿದಂತೆ ಹೇಳುವುದನ್ನು ಸಕ್ಕರೆ ತಲೆ ಸವರಿದಂತೆ ಹೇಳುತ್ತಿದ್ದರು. ಎಷ್ಟೋ ಸಲ ಅಣ್ಣನನ್ನೇ ಹಿಡಿದು ನಿಲ್ಲಿಸಿ, “ಇಲ್ಲಿ ನೀವು ಎಡವಿದ್ದೀರಿ” ಎಂದೂ ಬರೆದಿದ್ದರು.

“ಸಕ್ಕರೆಗೆ ಬೇಡ. ನೀನೇ ಇಟ್ಕೋ ಆ ಅಧಿಕಾರ,” ಎಂದ ಅಣ್ಣ, ಕಿಟಕಿಯ ಕಡೆ ತಿರುಗಿ.

“ಯಾಕೆ ಬೇಡ? ಹೊಟ್ಟೆಕಿಚ್ಚಾ?” ಅವಳಿಗೆ ನಗು ಬಂತು. “ದಶಾಂಶದ ಚುಕ್ಕಿ ತಪ್ಪಿಟ್ಟಿದ್ದಕ್ಕೆ ಹೋದ ತಿಂಗಳು ನಿಂಗೆ ಚೆನ್ನಾಗಿ ನೀರಿಳಿಸಿದ್ರಲ್ಲ, ಅದು ಇನ್ನೂ ಮರೆತಿಲ್ಲ ನೀನು. ನೋಡು, ಹೊಸದಾಗಿ ಅಷ್ಟೊಂದು ಆಸ್ಪತ್ರೆಗಳು ಸೇರ್ಕೊಂಡಿವೆ. ಹೊಣೆ ಹೊರೋರ ಮುಖ ನೋಡ್ಬೇಕು ಅಂತಿದ್ದಾರೆ ಅಲ್ಲಿನೋರು. ಸಕ್ಕರೆಯವರನ್ನ ಈಗಲೇ ವಿಡಿಯೋದಲ್ಲಿ ಕರೀತೀನಿ.”

ಅವಳು ಕರೆದಳು. ಮೇಜಿನ ಆ ಬದಿಯಲ್ಲಿ, ಅಣ್ಣನ ಲ್ಯಾಪ್‌ಟಾಪ್ ರಿಂಗಾಯಿತು.

ಅವಳು ಕರೆ ಕತ್ತರಿಸಿದಳು. ಸದ್ದು ನಿಂತಿತು. ಮತ್ತೆ ಕರೆದಳು. ಮತ್ತೆ ಅಲ್ಲಿಯೇ ರಿಂಗಾಯಿತು. ಅಣ್ಣ ಬಂದು ತನ್ನ ಲ್ಯಾಪ್‌ಟಾಪ್ ಮಡಚಿ, ಅದರ ಮೇಲೆ ಎರಡೂ ಕೈ ಊರಿ ನಿಂತ.

“ಸಕ್ಕರೆ ಅಂತ ಯಾರೂ ಇಲ್ಲ ಕಣೇ. ಅದೂ ನಾನೇ.”

ಅಣ್ಣ ಒಂದೇ ಉಸಿರಿಗೆ ಹೇಳತೊಡಗಿದ. “ನೀನು ಹೆರಿಗೆಗೆ ಅಂತ ಆಸ್ಪತ್ರೆ ಸೇರಿದ್ದೆ. ಇನ್ನೊಂದು ಆಸ್ಪತ್ರೇಲಿ ನಮ್ಮ ಲೆಕ್ಕ ಕೈಕೊಟ್ಟಿತ್ತು, ಅಲ್ಲಿನ ಡಾಕ್ಟರು ಬಾಯಿ ಬಡ್ಕೊಳ್ತಿದ್ರು. ನಾನು ಸರಿ ಮಾಡ್ದೆ, ಒಪ್ಪೋಕೆ ಇನ್ನೊಬ್ಬರಿರಲಿಲ್ಲ. ಆ ಒಂದು ದಿನಕ್ಕೆ ಅಂತ ಇನ್ನೊಂದು ಹೆಸರು ಮಾಡ್ಕೊಂಡೆ. ನೀನು ಬಂದು ಅದನ್ನ ನೋಡಿ ಸಕ್ಕರೆಗೆ ಥ್ಯಾಂಕ್ಸ್ ಅಂತ ಬರೆದೆ. ಅಷ್ಟು ಪ್ರೀತಿಯಿಂದ ನಂಗೆ ಯಾವತ್ತು ಬರೆದಿದ್ದೆ ಹೇಳು? ಆಮೇಲೆ ಹೇಗೆ ಹೇಳ್ಲಿ?”

ಮನೆಯ ಕಷ್ಟ, ಮೈಯ ಸುಸ್ತು, ಎಲ್ಲವನ್ನೂ ಅವಳು ಸಕ್ಕರೆಯ ಹತ್ತಿರ ತೋಡಿಕೊಂಡಿದ್ದಳು. ಅಣ್ಣ ಒರಟ, ನೀವಿದ್ದೀರಿ ಅಂತಲೇ ನಾನು ಇದರಲ್ಲಿ ಉಳಿದಿದ್ದೇನೆ ಎಂದೂ ಬರೆದಿದ್ದಳು.

“ಅದೆಲ್ಲ... ಓದಿದ್ದೀಯಾ?”

“ಉತ್ತರಾನೂ ಬರೆದಿದ್ದೀನಲ್ಲ.”

ನಾಚಿಕೆ ಅವಳನ್ನು ಅರೆಗಳಿಗೆ ಕೂರಿಸಿತು, ಅಷ್ಟೇ. ಮರುಗಳಿಗೆಗೆ ಬೇರೆಯೇ ಒಂದು ವಿಷಯ ಹೊಳೆಯಿತು. “ದಶಾಂಶದ ಜಗಳ? ಸಕ್ಕರೆ ತಪ್ಪು ಹಿಡಿದಿದ್ದು, ನೀನು ತಿದ್ದಿದ್ದು?”

ಅಣ್ಣ ತಲೆ ತಗ್ಗಿಸಿದ. “ನಡುನಡುವೆ ಜಗಳ ಇದ್ರೆ ತಾನೇ ನಂಬಿಕೆ ಬರೋದು. ಬೇಕೂಂತ್ಲೇ ಒಂದೊಂದು ತಪ್ಪು ಬಿಡ್ತಿದ್ದೆ, ಆಮೇಲೆ ಹಿಡೀತಿದ್ದೆ. ಆದ್ರೆ ಉಳಿದದ್ದೆಲ್ಲ ಸರಿಯಾಗಿದೆ, ನನ್ನಾಣೆ. ಪ್ರತಿಯೊಂದನ್ನೂ ಎರಡೆರಡು ಸಲ ನೋಡಿದ್ದೀನಿ.”

“ನೀನೇ. ಎರಡು ಸಲ.”

ತಂಗಿ ಬೈದಾಳು, ಅತ್ತಾಳು ಎಂದು ಅವನು ಕಾದಿದ್ದ. ಅವಳು ಎರಡನ್ನೂ ಮಾಡಲಿಲ್ಲ. ಸಾಫ್ಟ್‌ವೇರನ್ನು ಬಳಕೆಯಿಂದ ತೆಗೆದಳು. ಯಾರೂ ಇದರ ಲೆಕ್ಕ ನೆಚ್ಚಬೇಡಿ ಎಂದು ಎಲ್ಲ ಆಸ್ಪತ್ರೆಗಳಿಗೂ ಸುದ್ದಿ ಕಳಿಸಿದಳು. ಆಮೇಲೆ ತನ್ನ ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿಗೆ ಫೋನ್ ಮಾಡಿದಳು. “ಸಿಸ್ಟರ್, ನಮ್ಮ ಪ್ರೋಗ್ರಾಂ ನೋಡಿ ಯಾರಿಗೂ ಔಷಧ ಕೊಡ್ಬೇಡಿ. ಈಗಿಂದ್ಲೇ ಕೈಲೆಕ್ಕ ಮಾಡಿ. ಇವತ್ತು ಕೊಟ್ಟಿರೋದನ್ನೂ ಇನ್ನೊಂದು ಸಲ ಲೆಕ್ಕ ಹಾಕಿ ನೋಡಿ.”

ಆ ಕಡೆ ಯಾವುದೋ ಕೂಸು ಸಣ್ಣಗೆ ಅಳುತ್ತಿತ್ತು. ಹಿರಿಯ ನರ್ಸ್ ಗಾಬರಿಯಾದರು. “ಅಯ್ಯೋ, ಯಾಕಮ್ಮಾ? ಏನಾದ್ರೂ ತಪ್ಪು ಸಿಕ್ತಾ?”

ಅವಳು ಅಣ್ಣನನ್ನು ನೋಡಿದಳು.

“ತಪ್ಪು ಸಿಕ್ಕಿಲ್ಲ ಸಿಸ್ಟರ್. ಹುಡುಕಿದವರು ಸಿಗ್ತಿಲ್ಲ.”