ಎರಡು ಬಾಟಲಿ ನೀರು

ಸುನಿತಾ ತುಂಬಿಟ್ಟಿದ್ದ ಕೊಡವನ್ನು ಮಾಲಾ ಎತ್ತಿಕೊಂಡು ಹೋಗಿ ಹಿತ್ತಿಲಿಗೆ ಸುರಿದಳು. ಹುಣಸೆಹಣ್ಣು ಹಾಕಿ ಒಳಗೂ ಹೊರಗೂ ತಿಕ್ಕಿದಳು. ಆಮೇಲೆ ತಾನೇ ಬಾವಿಗೆ ಹಗ್ಗ ಇಳಿಸಿದಳು.

ಸುನಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

ಈಸೂರಿನ ಆ ಮನೆಗೆ ಅವರಿಬ್ಬರೂ ಸೊಸೆಯರು. ದೊಡ್ಡವನಾದ ಲೋಕೇಶನ ಹೆಂಡತಿ ಸುನಿತಾ. ಮದುವೆಯಾಗಿ ವರ್ಷಗಳು ಕಳೆದರೂ ಅವಳ ಮಡಿಲು ತುಂಬಿರಲಿಲ್ಲ. ಚಿಕ್ಕವನಾದ ಹರ್ಷವರ್ಧನನ ಹೆಂಡತಿ ಮಾಲಾ. ಅವಳು ಬಂದ ವರ್ಷವೇ ಬಸುರಾಗಿ ಹೆಣ್ಣು ಕೂಸು ಹೆತ್ತಳು. ಸಂಘಮಿತ್ರಾ ಎಂದು ಹೆಸರಿಟ್ಟರು. ಬಾಣಂತಿ ಜ್ವರದಲ್ಲಿ ಮಾಲಾಳ ಎದೆಹಾಲು ಬತ್ತಿತು. ಅವಳು ಮಲಗಿದ್ದಷ್ಟು ದಿನ ಪುಡಿಹಾಲು ಕಲಸಿ ಕೂಸಿಗೆ ಕುಡಿಸಿದವಳು ಸುನಿತಾ.

ಒಂದು ಬೆಳಿಗ್ಗೆ ಕೂಸಿನ ತುಟಿ ನೇರಳೆಹಣ್ಣು ತಿಂದಂತೆ ಕಂಡಿತು. ಉಗುರುಗಳೂ ಅದೇ ಬಣ್ಣ. ಶಿಕಾರಿಪುರದ ಆಸ್ಪತ್ರೆಗೆ ಒಯ್ದರು. ಅಲ್ಲಿ ಚೇತರಿಸಿಕೊಂಡಿತು, ನಕ್ಕಿತು. ಮನೆಗೆ ತಂದ ವಾರದೊಳಗೆ ಮತ್ತೆ ನೀಲಿಗಟ್ಟಿತು.

ಎರಡನೆಯ ಸಲ ವೈದ್ಯರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡರು. "ಇಲ್ಲಿದ್ರೆ ಹುಷಾರಾಗ್ತದೆ, ಮನೆಗೆ ಹೋದ್ರೆ ಕೆಡ್ತದೆ. ಹೊಟ್ಟೆಗೆ ಏನೋ ಹೋಗ್ತಿದೆ. ನೀರು ಪರೀಕ್ಷೆ ಮಾಡಿಸ್ರಿ. ಅಲ್ಲೀತನಕ ಕೂಸಿಗೆ ಕೊಡೋದರ ಮೇಲೆ ನಿಗಾ ಇರ್ಲಿ."

ಮನೆಗೆ ಬಂದವಳೇ ಮಾಲಾ ಎಲ್ಲರೆದುರು ಹೇಳಿದಳು. "ತಾನಾಗಿ ಹೋಗ್ತಿಲ್ಲ, ಯಾರೋ ಹಾಕ್ತಿದ್ದಾರೆ. ಅದೇ ನೀರು ನಾವೂ ಕುಡೀತೀವಿ. ನಮಗ್ಯಾರಿಗೂ ಏನೂ ಆಗಿಲ್ಲ. ನನ್ನ ಕೂಸಿಗೆ ಮಾತ್ರ ಯಾಕೆ?"

ಅತ್ತೆ ಹೂವಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಲೋಕೇಶ ಹೆಂಡತಿಯ ಮುಖ ನೋಡಲಿಲ್ಲ.

"ಅತ್ತಿಗೆ ಅಂಥೋರಲ್ಲ," ಎಂದ ಹರ್ಷವರ್ಧನ. ತಾಳಿ ಕಟ್ಟಿದವನು ಆಡದ ಮಾತನ್ನು ಮೈದುನ ಆಡಿದ.

ಮರುದಿನ ಸುನಿತಾ ಬಟ್ಟೆ ಕಟ್ಟಿಕೊಂಡು ತವರಿಗೆ ಹೊರಟಳು. ಉಳವಿಗೆ ಹೋಗಬೇಕು, ಮೊದಲು ಸೊರಬದ ಬಸ್ಸು ಹಿಡಿಯಬೇಕು. ಹರ್ಷವರ್ಧನ ಬೈಕಿನಲ್ಲಿ ಶಿಕಾರಿಪುರದ ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟ.

"ನೀರು ಪರೀಕ್ಷೆ ಮಾಡಿಸು ಹರ್ಷ," ಎಂದಳು ಅವಳು. "ಅದರಲ್ಲಿ ಏನು ಬರ್ತದೋ ಅದನ್ನ ಊರ ಮುಂದೆ ಹೇಳು. ನನಗೆ ಅಷ್ಟು ಸಾಕು."

"ಹೇಳ್ತೀನಿ ಅತ್ತಿಗೆ."

ಅಂದಿನಿಂದ ಅಡುಗೆಮನೆಗೆ ಬೀಗ ಬಿತ್ತು. ಕೀಲಿ ಮಾಲಾಳ ಸೊಂಟದಲ್ಲಿ. ಅತ್ತೆಯನ್ನೂ ಅವಳು ಒಳಗೆ ಬಿಡುತ್ತಿರಲಿಲ್ಲ. ಕೂಸಿನ ಪುಡಿಹಾಲಿಗೆ ನೀರನ್ನು ತಾನೇ ಸೇದಿ, ತಾನೇ ಸೋಸಿ, ತಾನೇ ಕಾಯಿಸುತ್ತಿದ್ದಳು. ಚೊಂಬು ನೀರು ಅರ್ಧ ಚೊಂಬಿಗೆ ಇಳಿಯುವವರೆಗೆ ಪಾತ್ರೆ ಒಲೆಯ ಮೇಲೇ ಇರುತ್ತಿತ್ತು. ವಿಷವೇ ಇದ್ದರೂ ಸುಟ್ಟುಹೋಗಲಿ ಎಂಬ ಹಟ. ಬಿಸಿ ಪಾತ್ರೆ ಹಿಡಿದು ಹಿಡಿದು ಅಂಗೈಯಲ್ಲಿ ಬೊಬ್ಬೆ ಎದ್ದವು.

ಹರ್ಷವರ್ಧನ ಬಾವಿಯ ನೀರನ್ನು ಬಾಟಲಿಗೆ ತುಂಬಿಕೊಂಡು ಹೊರಟಾಗ ಅವಳು ಇನ್ನೊಂದು ಬಾಟಲಿ ತಂದುಕೊಟ್ಟಳು.

"ನಾನು ಕಾಯಿಸಿದ್ದನ್ನೂ ಒಯ್ರಿ. ಹೋಗೋ ಮುಂಚೆ ಅವಳು ಪಾತ್ರೆಗೆ ಏನಾದ್ರೂ ಸವರಿದ್ರೆ ಗೊತ್ತಾಗ್ಲಿ."

ಫಲಿತಾಂಶ ಬರುವ ಮೊದಲೇ ಕೂಸು ಹೋಯಿತು. ಹಾಲು ಕುಡಿಯುತ್ತಿದ್ದ ಹಾಗೇ ಮೈ ಬೂದಿಬಣ್ಣಕ್ಕೆ ತಿರುಗಿತು. ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಮಾಲಾಳ ಮಡಿಲಲ್ಲಿ ತಣ್ಣಗಾಗಿತ್ತು.

ಮಣ್ಣು ಮಾಡಿ ಬಂದವರು ಜಗಲಿಯಲ್ಲಿ ಕುಳಿತರು. ಹೂವಮ್ಮನ ಅಣ್ಣ ಗಂಗಾಧರಪ್ಪ ಮೊದಲು ಬಾಯಿ ಬಿಟ್ಟ. "ಹೋಗುವಾಗ ಬಾವಿಗೇ ಏನೋ ಹಾಕಿ ಹೋಗಿದ್ದಾಳೆ. ಪರೀಕ್ಷೆದು ಬರ್ಲಿ. ಬಂದ ದಿನವೇ ಸ್ಟೇಷನ್‌ಗೆ ಹೋಗೋಣ." ಲೋಕೇಶ ಹೂಂಗುಟ್ಟಿದ.

ಫಲಿತಾಂಶ ಕೇಳಲು ಹರ್ಷವರ್ಧನ ಒಬ್ಬನೇ ಶಿಕಾರಿಪುರಕ್ಕೆ ಹೋದ. ನೀರು ಪರೀಕ್ಷಿಸುವ ಶಕುಂತಲಮ್ಮನಿಗೆ ಅವನ ಮನೆಯ ಸಾವು ಗೊತ್ತಿರಲಿಲ್ಲ.

"ವಿಷ ಗಿಷ ಏನಿಲ್ಲ ಕಣ್ರೀ," ಎಂದರು ಅವರು. "ನೈಟ್ರೇಟ್ ಜಾಸ್ತಿ ಇದೆ. ಒಂಥರಾ ಉಪ್ಪು. ತಿಪ್ಪೆ ನೀರು, ಯೂರಿಯಾ ಇಳಿದ ಬಾವೀಲಿ ಬರ್ತದೆ. ದೊಡ್ಡೋರಿಗೆ ಗೊತ್ತೇ ಆಗಲ್ಲ. ಎಳೇ ಕೂಸಿಗಾದ್ರೆ ರಕ್ತದಲ್ಲಿ ಪ್ರಾಣವಾಯು ಉಳಿಯಲ್ಲ, ಮೈ ನೀಲಿ ಆಗ್ತದೆ. ಅಂದ ಹಾಗೆ, ಈ ಎರಡನೇದು ಯಾವ ಬಾವೀದು? ಇದರಲ್ಲಿ ದುಪ್ಪಟ್ಟಿದೆ."

"ಅದೇ ಬಾವೀದು. ನನ್ನ ಹೆಂಡ್ತಿ ಕಾಯಿಸಿದ್ದು. ಅರ್ಧಕ್ಕೆ ಇಳಿಸಿ."

"ಅದಕ್ಕೇ ಮತ್ತೆ. ಕಾಯಿಸಿದ್ರೆ ಕ್ರಿಮಿ ಸಾಯ್ತವೆ, ಈ ಉಪ್ಪು ಹೋಗಲ್ಲ. ನೀರು ಇಂಗಿದಷ್ಟೂ ಗಟ್ಟಿಯಾಗ್ತದೆ. ಮನೇಲಿ ಕೂಸಿದ್ರೆ ಇದನ್ನ ಕೊಡಬೇಡಿ ಅಂತ ಹೇಳ್ರಿ ಅವರಿಗೆ."

ಅವನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತ. ಸೊರಬದ ಬಸ್ಸು ಬಂದು ನಿಂತಿತು. ಎದ್ದು ಬಾಗಿಲವರೆಗೂ ಹೋದ. ಕಂಡಕ್ಟರ್ ಸೀಟಿ ಊದಿದ. ಹರ್ಷವರ್ಧನ ಹತ್ತಲಿಲ್ಲ.

ಊರು ಮುಟ್ಟಿದಾಗ ಸಂಜೆಯಾಗಿತ್ತು. ಜಗಲಿಯಲ್ಲಿ ಲೋಕೇಶ, ಗಂಗಾಧರಪ್ಪ, ಕೇರಿಯ ಹಿರಿಯರು ಸೇರಿದ್ದರು. ಒಳಗಿಂದ ಮಾಲಾ ಗೋಡೆ ಹಿಡಿದುಕೊಂಡು ಬಂದಳು. ಕೂಸು ಹೋದ ಮೇಲೆ ಅವಳು ಸರಿಯಾಗಿ ಅನ್ನ ಮುಟ್ಟಿರಲಿಲ್ಲ.

"ಏನಂದ್ರು?" ಎಂದಳು. ಅವನು ಉತ್ತರಿಸುವ ಮೊದಲೇ, ಮೆಲ್ಲಗೆ, ಅವನಿಗೊಬ್ಬನಿಗೇ ಕೇಳುವಂತೆ ಕೇಳಿದಳು. "ನನ್ನ ಕೈಯಿಂದ ಏನೂ ತಪ್ಪಾಗಿಲ್ಲ ಅಲ್ವೇನ್ರೀ?"

ಹರ್ಷವರ್ಧನ ಹೆಂಡತಿಯ ಮುಖ ನೋಡಿದ, ಆಮೇಲೆ ಜಗಲಿಯತ್ತ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದ: "ಬಾವೀಲಿ ವಿಷ ಇತ್ತಂತೆ. ಅತ್ತಿಗೇನೇ ಹಾಕಿದ್ದು."