ಕಂದು ಜೋಡಿಯ ಬಿಳಿ ಮರಿ

ವಾರಿಜಳ ಗಂಡ ಸಾಕಿದ್ದ ಬೋವಾ ಹಾವು ಮರಿ ಹಾಕಿತ್ತು. ಕಂದು ಮರಿಗಳ ನಡುವೆ ಒಂದೇ ಒಂದು ಬೆಳ್ಳಗಿತ್ತು.

“ಬಿಳೀದು ಹುಟ್ಟುತ್ತೆ ಅಂತ ನಾನು ಹೇಳಿರ್ಲಿಲ್ವಾ!” ಅವನು ಹಿಗ್ಗಿದ.

“ಅಪ್ಪ ಅಮ್ಮ ಎರಡೂ ಕಂದು. ಇದಕ್ಕೆ ಬಿಳಿ ಎಲ್ಲಿಂದ ಬಂತು ರೀ?”

“ಎರಡರ ಒಳಗೂ ಅಡಗಿತ್ತು ಕಣೇ, ಹೊರಗೆ ಕಾಣಲ್ಲ ಅಷ್ಟೆ. ಅಪ್ಪನಿಂದಲೂ ಬರಬೇಕು, ಅಮ್ಮನಿಂದಲೂ ಬರಬೇಕು. ಒಬ್ಬರಿಂದಲೇ ಬಂದ್ರೆ ಇಂಥ ಮರಿ ಹುಟ್ಟಲ್ಲ.”

ಮರಿ ಒರೆಸುತ್ತಿದ್ದ ವಾರಿಜಳ ಕೈ ನಿಂತಿತು.

“ನಮ್ಮ ಪುಟ್ಟಿಯ ರಕ್ತದ ಕಾಯಿಲೆಯೂ ಹೀಗೇ ಬಂದಿದ್ದಾ?”

ಅವನ ನಗು ಆರಿಹೋಯಿತು. ಮೆಲ್ಲಗೆ ಹೂಂಗುಟ್ಟಿದ.

ಪುಟ್ಟಿಯನ್ನು ಮಣ್ಣು ಮಾಡಿ ಬಂದ ದಿನವೇ ಅತ್ತೆ, “ಎಲ್ಲ ನಿನ್ನ ತವರಿನ ಕೆಟ್ಟ ರಕ್ತ” ಅಂದಿದ್ದರು. ಮೈದುನನ ಮಗುವಿನ ನಾಮಕರಣದಲ್ಲಿ ತೊಟ್ಟಿಲು ತೂಗಲು ವಾರಿಜ ಕೈ ಚಾಚಿದಾಗ, ಎಲ್ಲರೆದುರು ಆ ಕೈಯನ್ನು ತಳ್ಳಿದ್ದರು. ಪಕ್ಕದಲ್ಲೇ ಇದ್ದ ಗಂಡ ತುಟಿ ಬಿಚ್ಚಿರಲಿಲ್ಲ. ಪಾಪ, ಅವನಿಗಾದರೂ ಏನು ಗೊತ್ತು ಎಂದು ಅವಳೇ ಸಮಾಧಾನ ಮಾಡಿಕೊಂಡಿದ್ದಳು.

“ರೀ, ಈ ಲೆಕ್ಕ ನೀವು ಕಲಿತಿದ್ದು ಯಾವಾಗ?”

ಅವನು ಬಿಳಿ ಮರಿಯನ್ನು ಡಬ್ಬಿಗೆ ಇಳಿಸಿ ಮುಚ್ಚಳ ಹಾಕಿದ.

“ಮದುವೆಗೆ ಮುಂಚೆ.”