ಕಿಂಗ್‌ಬರ್ಡ್‌ನ ಬಾಗಿಲುಗಳು

“ಬಾಗಿಲಿನ ಒಳಹೊದಿಕೆ ಬಿಚ್ಚಬೇಕಾಗುತ್ತೆ,” ಎಂದಳು ಆರ್ಡಿತ್, ಕೈಗವಸು ಹಾಕಿಕೊಳ್ಳುತ್ತ.

ಎಮೆಟ್‌ನ ಮುಖ ಸಪ್ಪಗಾಯಿತು. ಅವನ ಕೆನೆಬಣ್ಣದ ಕಿಂಗ್‌ಬರ್ಡ್ ಕಾರು ಫ್ಲಿಂಟ್ ಊರಿನ ಪ್ರದರ್ಶನ ಸಭಾಂಗಣದಲ್ಲಿ ನಿಂತಿತ್ತು. ಪಕ್ಕದಲ್ಲೇ ಲೈಲ್‌ನ ಹಸಿರು ಕಿಂಗ್‌ಬರ್ಡ್. ಮಾರಾಟಕ್ಕೆ ಬಿಡುವ ಮೊದಲು ಕಂಪನಿ ಪರೀಕ್ಷೆಗಾಗಿ ಕೆಲವೇ ಕೆಲವು ಕಾರುಗಳನ್ನು ಕೈಯಿಂದ ಬಡಿದು ಮಾಡಿಸಿತ್ತು. ಪರೀಕ್ಷೆ ಮುಗಿದ ಮೇಲೆ ಅವೆಲ್ಲ ಗುಜರಿಗೆ ಹೋದವು ಎಂದೇ ಲೆಕ್ಕ. ತನ್ನದು ಹಾಗೆ ತಪ್ಪಿಸಿಕೊಂಡ ಒಂದೇ ಕಾರು ಎಂದು ಎಮೆಟ್, ಅಲ್ಲ ತನ್ನದು ಎಂದು ಲೈಲ್. ಒಂದೇ ಕಾರ್ಖಾನೆಯಲ್ಲಿ ಅಕ್ಕಪಕ್ಕ ದುಡಿದ ಗೆಳೆಯರು ಈ ಮಾತಿಗೇ ಮುನಿಸಿಕೊಂಡಿದ್ದರು; ಎಮೆಟ್‌ನ ಮಗಳ ಮದುವೆಗೂ ಲೈಲ್ ಬಂದಿರಲಿಲ್ಲ. ಮರುದಿನ ಪ್ರದರ್ಶನ ಶುರು. ಸಭಾಂಗಣದ ನಡುವಿನ ಮರದ ಕಟ್ಟೆಯ ಮೇಲೆ ಒಂದೇ ಕಾರಿಗೆ ಜಾಗ. ಯಾವುದು ಅಸಲಿ ಎಂದು ಹೇಳಲು ಆರ್ಡಿತ್‌ಳನ್ನು ಕರೆಸಿದ್ದರು. ಹಳೆಯ ಕಾರುಗಳ ವಿಷಯದಲ್ಲಿ ಅವಳ ಮಾತಿಗೆ ಎದುರಿರಲಿಲ್ಲ.

“ಮೊದಲು ಅವನದ್ದೇ ಬಿಚ್ಚಿ ಮೇಡಂ,” ಎಂದ ಲೈಲ್. “ನನ್ನ ಕಾರಿನ ಹೊದಿಕೆ ತುಂಬ ಹಳೇದು, ಮುಟ್ಟಿದ್ರೆ ಹರಿದು ಹೋಗುತ್ತೆ.”

ಆರ್ಡಿತ್ ಕೆನೆಬಣ್ಣದ ಕಾರಿನ ಬಾಗಿಲು ತೆರೆದು, ಹೊದಿಕೆ ಬಿಚ್ಚಿ, ಒಳಗೆ ದೀಪ ಹಿಡಿದಳು. ತಗಡಿನ ಮೇಲೆ ಸುತ್ತಿಗೆಯ ಏಟುಗಳು ಇನ್ನೂ ಕಾಣುತ್ತಿದ್ದವು. ಯಂತ್ರ ಒತ್ತಿದ ತಗಡಲ್ಲ, ಕೈಕೆಲಸವೇ. ಎಮೆಟ್‌ಗೆ ಉಸಿರು ಬಂತು. ಆದರೆ ಅವಳು ಬಗ್ಗಿ ಇನ್ನೇನನ್ನೋ ಓದಿದಳು. “ಕೈಯಿಂದ ಮಾಡಿದ ಕಾರಿಗೆಲ್ಲ ಒಂದೊಂದು ನಂಬರ್ ಇರುತ್ತೆ. ಇದರ ಮೈಮೇಲೆ ನಾಲ್ಕು ಅಂತ ಅಚ್ಚೊತ್ತಿದೆ. ಬಾಗಿಲ ಮೇಲೆ ಏಳು.” ಆಚೆ ಬದಿಯ ಬಾಗಿಲನ್ನೂ ನೋಡಿದಳು. ಅದೂ ಏಳು.

“ನೋಡಿದ್ರಾ!” ಲೈಲ್ ತೊಡೆ ತಟ್ಟಿಕೊಂಡ. “ನಾನು ಬಡ್ಕೊಂಡೆ, ಯಾರೂ ಕೇಳ್ಲಿಲ್ಲ. ಎಲ್ಲಿಂದಲೋ ಬಾಗಿಲು ತಂದು ಜೋಡಿಸಿಕೊಂಡು ಅಸಲಿ ಅಂತ ಮೆರೀತಿದ್ದಾನೆ!”

ಎಮೆಟ್ ಜಗಳಕ್ಕೆ ಬರಲಿಲ್ಲ. ಕಟ್ಟೆಯ ಅಂಚಿನ ಮೇಲೆ ಕೂತುಬಿಟ್ಟ. “ನನಗೆ ಗೊತ್ತಿತ್ತು,” ಎಂದ. “ಕಿಟಕಿ ಗಾಜು ಬದಲಾಯಿಸುವಾಗ ಕಂಡಿತ್ತು. ಹೆಂಡತಿಗೂ ಹೇಳಿಲ್ಲ. ಬಾಗಿಲು ನಾನು ಹಾಕಿದ್ದಲ್ಲ ಮೇಡಂ, ಕೊಂಡಾಗಲೇ ಹಾಗಿತ್ತು. ಆದ್ರೆ ಯಾರು ನಂಬ್ತಾರೆ?”

ಆರ್ಡಿತ್ ಹಸಿರು ಕಾರಿನ ಕಡೆ ತಿರುಗಿದಳು.

“ಒಂದು ಕಾಫಿ ಕುಡಿದು ಬರೋಣ್ವಾ?” ಎಂದ ಲೈಲ್.

“ಆಮೇಲೆ.”

“ತಿರುಪು ತುಕ್ಕು ಹಿಡಿದಿದೆ ಮೇಡಂ. ಬಿಚ್ಚೋಕೆ ಬರಲ್ಲ.”

“ಇತ್ತೀಚೆಗೆ ಯಾರೋ ಎಣ್ಣೆ ಬಿಟ್ಟಿದ್ದಾರಲ್ಲ,” ಎಂದಳು ಅವಳು. ತಿರುಪು ಬೆಣ್ಣೆಯ ಹಾಗೆ ಕಳಚಿ ಬಂತು. ಲೈಲ್ ನೆಲ ನೋಡತೊಡಗಿದ.

ಕಾರಿನ ಮೈಮೇಲೆ ಏಳು. ಎರಡೂ ಬಾಗಿಲ ಮೇಲೆ ನಾಲ್ಕು.

ಎಮೆಟ್ ಕೂತಲ್ಲಿಂದ ಎದ್ದ. “ಲೇ ಲೈಲ್! ನಿನಗೂ ಗೊತ್ತಿತ್ತೇನೋ?”

“ಗೊತ್ತಿಲ್ದೆ ಏನೋ! ಅದಕ್ಕೇ ತಾನೆ ನಿನ್ನದು ನಕಲಿ ಅಂತ ಅಷ್ಟು ಗಟ್ಟಿಯಾಗಿ ಕಿರುಚ್ತಿದ್ದದ್ದು.”

ಆರ್ಡಿತ್ ಭೂತಗನ್ನಡಿ ಹಿಡಿದು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಓಡಾಡಿದಳು. ಏಳನ್ನು ಒತ್ತಿದ ಅಚ್ಚಿನ ಬಾಲ ಮುರಿದಿತ್ತು. ಎಮೆಟ್‌ನ ಬಾಗಿಲ ಮೇಲೂ, ಲೈಲ್‌ನ ಕಾರಿನ ಮೈಮೇಲೂ ಅದೇ ಮುರುಕು ಬಾಲ. ಕೊನೆಗೆ ಅವಳು ಎರಡೂ ಕಾರಿನ ಬಾಗಿಲ ಕೀಲುಗಳನ್ನು ಅಂಗೈಯಿಂದ ಸವರಿದಳು. ಕೀಲಿನ ಬೋಲ್ಟ್‌ಗಳ ಮೇಲೆ ಕೂತಿದ್ದ ಕಾರ್ಖಾನೆಯ ಮೊದಲ ಬಣ್ಣ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ನೆಲದ ಮೇಲೇ ಕೂತು ನಗತೊಡಗಿದಳು.

“ಎರಡೂ ಅಸಲಿ. ಬಣ್ಣ ಬಳಿಯೋಕೆ ಮುಂಚೆ ಕಾರ್ಖಾನೆಯಲ್ಲಿ ಬಾಗಿಲೆಲ್ಲ ಒಂದೇ ಗೋಡೆಗೆ ಒರಗಿಸಿಟ್ಟಿರಬೇಕು. ವಾರದ ಕೊನೆ, ಮನೆಗೆ ಹೋಗೋ ಅವಸರ. ಕೈಗೆ ಸಿಕ್ಕಿದ್ದನ್ನ ಎತ್ತಿ ಜೋಡಿಸಿದ್ದಾರೆ. ಆಮೇಲೆ ಈ ಕೀಲನ್ನ ಯಾರೂ ಮುಟ್ಟೇ ಇಲ್ಲ.”

“ಹಾಗಾದ್ರೆ ಈಗಲೇ ಬದಲಾಯಿಸಿಬಿಡೋಣ,” ಎಂದ ಲೈಲ್, ಸ್ಪ್ಯಾನರ್ ಎತ್ತಿಕೊಳ್ಳುತ್ತ. “ಅವನದ್ದು ಅವನಿಗೆ, ನನ್ನದು ನನಗೆ.”

ಆರ್ಡಿತ್ ಅವನ ಕೈ ಹಿಡಿದಳು. “ಆ ಬಣ್ಣ ಒಡೆದ್ರೆ ನನ್ನ ಹತ್ತಿರ ಇರೋ ಸಾಕ್ಷಿ ಅಲ್ಲಿಗೆ ಮುಗೀತು. ಇದ್ದ ಹಾಗೇ ಇರಲಿ. ಆದ್ರೆ ಒಂದು ಕಾರು ನೋಡಿದವರು ಇನ್ನೊಂದನ್ನೂ ನೋಡಲೇಬೇಕು. ಬೇರೆ ಬೇರೆ ನಿಲ್ಲಿಸಿದ್ರೆ ಎರಡೂ ನಕಲಿಯ ಹಾಗೇ ಕಾಣುತ್ತವೆ.”

ಎಮೆಟ್ ಎರಡು ಕಾರುಗಳನ್ನೂ, ಒಂದೇ ಕಾರಿಗೆ ಜಾಗವಿದ್ದ ಕಟ್ಟೆಯನ್ನೂ ನೋಡಿದ. ಆಮೇಲೆ ಕಟ್ಟೆಯ ಒಂದು ಹಲಗೆ ಎತ್ತಿ ಹಿಡಿದ. “ಆ ತುದಿ ಹಿಡ್ಕೊ, ನಿಂತು ನೋಡ್ತೀಯಲ್ಲ,” ಎಂದ. ಲೈಲ್ ಹಿಡಿದುಕೊಂಡ. ಕಟ್ಟೆಯನ್ನು ಬಿಚ್ಚಿ ಗೋಡೆಗೆ ಒರಗಿಸುವಷ್ಟರಲ್ಲಿ ಸಂಜೆಯಾಯಿತು. ಬರಿಯ ನೆಲದ ಮೇಲೆ ಎರಡು ಕಾರುಗಳನ್ನೂ ಮಗ್ಗುಲು ಮಗ್ಗುಲಿಗೆ ತಳ್ಳಿ ನಿಲ್ಲಿಸಿದರು. ತಳ್ಳುವಾಗ ಲೈಲ್ ಕೇಳಿದ, “ಮಗಳು ಹೇಗಿದ್ದಾಳೋ?” “ಎರಡನೇ ಮಗು ಹುಟ್ಟಿತು. ಭಾನುವಾರ ಮನೆಗೆ ಬರ್ತಾಳೆ, ನೀನೂ ಬಾ,” ಎಂದ ಎಮೆಟ್, ಕಾರಿನಿಂದ ಭುಜ ತೆಗೆಯದೆ.

ಮರುದಿನ ಜನ ತುಂಬಿದ್ದರು. ಹುಲ್ಲಿನ ಟೋಪಿ ಹಾಕಿದ್ದ ಹೆಂಗಸೊಬ್ಬಳು ಹಸಿರು ಕಾರಿನ ಸುತ್ತ ಬಂದು, “ಇದು ಯಾರ ಕಾರು? ಒಳಗೆ ಒಂದ್ಸಲ ಕೂತು ನೋಡಬಹುದಾ?” ಎಂದು ಕೇಳಿದಳು.

“ಕಾರು ನನ್ನದು,” ಎಂದ ಲೈಲ್. “ಆದ್ರೆ ಬಾಗಿಲು ತೆಗೀಬೇಕಾದ್ರೆ ಇವನನ್ನ ಕೇಳಿ.”

ಎಮೆಟ್ ಆಗಲೇ ಬಾಗಿಲು ತೆರೆದು ಹಿಡಿದು ನಿಂತಿದ್ದ.